ಚಳಿಗಾಲದಲ್ಲಿ ಕೂಲಂಟ್ ಲೈಟ್: ಕುಗ್ಗಿದ್ದೋ, ಸೋರಿದ್ದೋ?

ರಾತ್ರಿಯೆಲ್ಲ ಹೊರಗೆ ನಿಂತ ಗಾಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಡಿಮೆ ಇದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬರುತ್ತದೆ. ಆಫೀಸ್ ಮುಟ್ಟುವ ಹೊತ್ತಿಗೆ ಲೈಟ್ ಇಲ್ಲ. ಸಂಜೆ ವಾಪಸ್ ಬರುವಾಗಲೂ ಇಲ್ಲ. ಮರುದಿನ ಬೆಳಗ್ಗೆ ಮತ್ತೆ ಹಾಜರ್. ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆ ಇರುವ ನಮ್ಮವರಿಗೆ, ಗಡಿ ದಾಟಿದರೆ ವಿನಿಪೆಗ್, ಎಡ್ಮಂಟನ್‌ನವರಿಗೆ, ಜನವರಿಯಲ್ಲಿ ಇದು ಮಾಮೂಲಿ ತಲೆನೋವು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದವರೂ ಇದನ್ನು ಕಂಡಿರುವುದಿಲ್ಲ. ಅಲ್ಲಿ ಕೂಲಂಟ್ ನೆನಪಾಗುವುದೇ ಘಾಟಿ ಹತ್ತುವಾಗ ಬಾನೆಟ್‌ನಿಂದ ಹಬೆ ಎದ್ದಾಗ.

ಲೈಟ್ ಬಂದಾಗ ಕೆಲವರು ಅಂಗಡಿಯಲ್ಲಿ ಕೈಗೆ ಸಿಕ್ಕಿದ ಡಬ್ಬಿ ತಂದು ಸುರಿದು ಮರೆತುಬಿಡುತ್ತಾರೆ. ಇನ್ನು ಕೆಲವರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ ಅಂತ ತಾವೇ ತೀರ್ಮಾನಿಸಿ, ಸಾವಿರಾರು ಡಾಲರ್ ಲೆಕ್ಕ ಹಾಕುತ್ತಾ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಎರಡೂ ಬೇಡ. ಮೊದಲು ಗೊತ್ತಾಗಬೇಕಾದ್ದು ಇಷ್ಟೇ: ಕೂಲಂಟ್ ಚಳಿಗೆ ಕುಗ್ಗಿದೆಯಾ, ಅಥವಾ ನಿಜವಾಗಿಯೂ ಎಲ್ಲೋ ಹೋಗುತ್ತಿದೆಯಾ? ಅದಕ್ಕೆ ಒಂದು ತುಂಡು ಟೇಪು, ಒಂದು ಟಾರ್ಚು, ಒಂದೆರಡು ವಾರದ ತಾಳ್ಮೆ ಸಾಕು. ಲೈಟ್ ಕೆಂಪಗಿದ್ದರೆ ಮಾತ್ರ ತಾಳ್ಮೆಯ ಮಾತಿಲ್ಲ. ಅದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಯಾವ ಲೈಟ್ ಅದು?

ನಗಬೇಡಿ, ಅರ್ಧ ಗಾಬರಿ ಇಲ್ಲೇ ಮುಗಿಯುತ್ತದೆ. ನೀರಿನ ಅಲೆಯಲ್ಲಿ ಥರ್ಮಾಮೀಟರ್ ಇಟ್ಟಂತೆ ಕಾಣುವ ಚಿತ್ರ ನೀಲಿ ಬಣ್ಣದಲ್ಲಿ ಬಂದರೆ ಅದು ದೋಷವೇ ಅಲ್ಲ. ಎಂಜಿನ್ ಇನ್ನೂ ತಣ್ಣಗಿದೆ, ಸ್ವಲ್ಪ ಹೊತ್ತು ಜೋರಾಗಿ ಓಡಿಸಬೇಡ ಅಂತ ಹೇಳುತ್ತಿದೆ ಅಷ್ಟೇ. ಹೊಂಡಾ, ಟೊಯೊಟಾದ ಹಲವು ಗಾಡಿಗಳಲ್ಲಿ ಈ ನೀಲಿ ಲೈಟ್ ಇದೆ. ಅದೇ ಚಿತ್ರ ಕೆಂಪಾದರೆ ಎಂಜಿನ್ ಕಾದಿದೆ ಅಂತ ಅರ್ಥ, ನಿಲ್ಲಿಸಲೇಬೇಕು. ಮಟ್ಟ ಕಡಿಮೆ ಅಂತ ಹೇಳುವ ಲೈಟ್ ಸಾಮಾನ್ಯವಾಗಿ ಹಳದಿ, ಜೊತೆಗೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಆದರೆ ಎಲ್ಲ ಗಾಡಿಯಲ್ಲೂ ಮಟ್ಟ ನೋಡುವ ಸೆನ್ಸರ್ ಇರುವುದಿಲ್ಲ. ನಿಮ್ಮದರಲ್ಲಿ ಇದೆಯೋ ಇಲ್ಲವೋ ಅಂತ ಗ್ಲವ್ ಬಾಕ್ಸಿನ ಮ್ಯಾನ್ಯುಯಲ್ ತೆಗೆದು ನೋಡಿ. ಇಲ್ಲದಿದ್ದರೆ ಲೈಟ್ ಬರಲಿಲ್ಲ ಅಂತ ನೆಮ್ಮದಿಯಾಗಿ ಇರುವ ಹಾಗಿಲ್ಲ, ಆಗಾಗ ಬಾನೆಟ್ ಕೆಳಗಿನ ಕೂಲಂಟ್ ಡಬ್ಬಿಯನ್ನು ಕಣ್ಣಾರೆ ನೋಡಬೇಕು.

ಹೈಬ್ರಿಡ್ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಪ್ರಿಯಸ್‌ನಂಥ ಗಾಡಿಯಲ್ಲಿ ಕೂಲಂಟ್ ಡಬ್ಬಿ ಎರಡಿರುತ್ತವೆ, ಒಂದು ಎಂಜಿನ್ನಿಗೆ, ಇನ್ನೊಂದು ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗಿಸುವ ಇನ್ವರ್ಟರಿಗೆ. ಒಂದನ್ನು ನೋಡಿ ಸರಿ ಇದೆ ಅನ್ನಬೇಡಿ.

ಚಳಿಗೆ ಎಷ್ಟು ಕುಗ್ಗುತ್ತದೆ

ಕೂಲಂಟ್ ಅಂದರೆ ಸಾಮಾನ್ಯವಾಗಿ ಎಥಿಲಿನ್ ಗ್ಲೈಕಾಲ್ ಮತ್ತು ನೀರು, ಅರ್ಧಕ್ಕರ್ಧ. ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಸಾಧಾರಣ ಕಾರಿನಲ್ಲಿ ಆರೇಳು ಲೀಟರ್ ಇರುತ್ತದೆ ಅಂದುಕೊಳ್ಳಿ. 20 ಡಿಗ್ರಿಯ (ಇಲ್ಲಿ ಎಲ್ಲ ಲೆಕ್ಕವೂ ಸೆಲ್ಸಿಯಸ್) ಸೆಪ್ಟೆಂಬರ್ ಬೆಳಗ್ಗೆಗೂ ಮೈನಸ್ 25ರ ಜನವರಿ ಬೆಳಗ್ಗೆಗೂ ಅಷ್ಟರಲ್ಲಿ ನೂರರಿಂದ ನೂರೈವತ್ತು ಮಿಲಿಯಷ್ಟು ವ್ಯತ್ಯಾಸ ಬರುತ್ತದೆ. ದರ್ಶಿನಿಯಲ್ಲಿ ಕೊಡುವ ಒಂದು ಲೋಟ ಕಾಫಿಯಷ್ಟು. ಕೇಳಲು ಕಡಿಮೆ, ಆದರೆ ಇಡೀ ಸಿಸ್ಟಮ್ಮಿನ ಕುಗ್ಗುವಿಕೆಯೆಲ್ಲ ಆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲೇ ಕಾಣಿಸುವುದರಿಂದ ಮಟ್ಟ ಬೆರಳಗಲ ಇಳಿದುಬಿಡುತ್ತದೆ. ಸೆಪ್ಟೆಂಬರಿನಲ್ಲಿ ಮಿನ್ ಗೆರೆಯ ಮೇಲೆ ಕಷ್ಟಪಟ್ಟು ನಿಂತಿದ್ದ ಕೂಲಂಟ್ ಜನವರಿಯಲ್ಲಿ ಸೆನ್ಸರಿನ ಕೆಳಗೆ ಹೋಗುತ್ತದೆ. ಎಂಜಿನ್ ಕಾದು ಎಂಬತ್ತು ತೊಂಬತ್ತು ಡಿಗ್ರಿ ಮುಟ್ಟಿದಾಗ ಮತ್ತೆ ಮೇಲೆ ಬರುತ್ತದೆ. ಕೆಲವು ಗಾಡಿಯಲ್ಲಿ ಆಗ ಲೈಟ್ ತಾನೇ ಹೋಗುತ್ತದೆ, ಕೆಲವದರಲ್ಲಿ ಒಮ್ಮೆ ಆಫ್ ಮಾಡಿ ಆನ್ ಮಾಡುವ ತನಕ ಹೋಗುವುದಿಲ್ಲ.

ಮಿನ್, ಮ್ಯಾಕ್ಸ್ ಗೆರೆಗಳು ತಣ್ಣಗಿನ ಎಂಜಿನ್ನಿಗೆ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಆ ತಣ್ಣಗೆ ಅಂದರೆ ಮನೆಯ ಹದದ ತಣ್ಣಗೆ, ವಿನಿಪೆಗ್‌ನ ಮೈನಸ್ 30 ಅಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ತೆಗೆದುಬಿಡೋಣ. ಟಿವಿಯಲ್ಲಿ ವಿಂಡ್ ಚಿಲ್ ಮೈನಸ್ 40 ಅಂತ ಹೇಳಿದರೆ ಗಾಡಿಯೊಳಗಿನ ಕೂಲಂಟ್ ಮೈನಸ್ 40ಕ್ಕೆ ಹೋಗುವುದಿಲ್ಲ. ಗಾಳಿಯಿಂದ ಬೇಗ ತಣ್ಣಗಾಗಬಹುದು, ಆದರೆ ಹೊರಗಿನ ನಿಜವಾದ ಉಷ್ಣತೆಗಿಂತ ಕೆಳಗೆ ಇಳಿಯುವುದಿಲ್ಲ. ವಿಂಡ್ ಚಿಲ್ ನಮ್ಮ ಚರ್ಮಕ್ಕೆ, ರೇಡಿಯೇಟರಿಗಲ್ಲ.

ಟೇಪ್ ಅಂಟಿಸಿ, ಕಾಯಿರಿ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಡ್ರೈವ್‌ವೇ ಇಳಿಜಾರಾಗಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಬೆಳಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಬಾನೆಟ್ ತೆಗೆದು ಡಬ್ಬಿಯ ಹಿಂದಿನಿಂದ ಟಾರ್ಚ್ ಬಿಡಿ. ಹಳದಿಗಟ್ಟಿದ ಹಳೆ ಡಬ್ಬಿಯಲ್ಲೂ ಒಳಗಿನ ಮಟ್ಟ ಒಂದು ಗೆರೆಯಂತೆ ಕಾಣುತ್ತದೆ. ಆ ಗೆರೆಗೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿ, ಆ ದಿನದ ಉಷ್ಣತೆ ಬರೆದಿಡಿ. ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಟೇಪ್ ಚಳಿಗೆ ಅಂಟದಿದ್ದರೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದರೂ ನಡೆಯುತ್ತದೆ.

ಮುಂದಿನ ದಿನಗಳಲ್ಲಿ ಹೊರಗೆ ಸರಿಸುಮಾರು ಅಷ್ಟೇ ಚಳಿ ಇರುವ ಬೆಳಗ್ಗೆಗಳಲ್ಲಿ ಮತ್ತೆ ನೋಡಿ. ಮಟ್ಟ ಟೇಪಿನ ಹತ್ತಿರವೇ ಇದ್ದರೆ ಏನೂ ಸೋರುತ್ತಿಲ್ಲ, ಕುಗ್ಗಿದ್ದು ಮಾತ್ರ. ಮಿನ್ ಮತ್ತು ಮ್ಯಾಕ್ಸ್ ನಡುವೆ ಬರುವಷ್ಟು ಸರಿಯಾದ ಕೂಲಂಟ್ ಹಾಕಿ, ಮರೆತುಬಿಡಿ. ಮ್ಯಾಕ್ಸ್ ದಾಟಿಸಬೇಡಿ. ಹಾಕಿದ ಮೇಲೂ ಒಂದು ಹೊಸ ಟೇಪ್ ಅಂಟಿಸಿ. ಚಳಿ ಅಷ್ಟೇ ಇದ್ದು ಮಟ್ಟ ಮಾತ್ರ ವಾರ ವಾರಕ್ಕೆ ಇಳಿಯುತ್ತಿದ್ದರೆ, ಅದು ಎಷ್ಟೇ ನಿಧಾನವಾಗಿರಲಿ, ಕೂಲಂಟ್ ಎಲ್ಲೋ ಹೋಗುತ್ತಿದೆ. ಮುಚ್ಚಿದ ಸಿಸ್ಟಮ್ ಅದು, ಸುಮ್ನೆ ಆವಿಯಾಗಿ ಹೋಗುವುದು ವರ್ಷಕ್ಕೆ ತೀರಾ ಸ್ವಲ್ಪ.

ಬಿಸಿ ಗರಾಜಿನಲ್ಲಿ ಒಂದು ದಿನ, ಹೊರಗೆ ಒಂದು ದಿನ ನಿಲ್ಲಿಸುವವರು ಎರಡನ್ನೂ ಹೋಲಿಸಬೇಡಿ. ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಪ್ಲಗ್ ಮಾಡಿಟ್ಟಿದ್ದರೂ ಅಷ್ಟೇ, ಮಟ್ಟ ಸ್ವಲ್ಪ ಮೇಲೆಯೇ ಕಾಣುತ್ತದೆ.

ಹಳೆಯ ಮಾದರಿಯ ಗಾಡಿಗಳಲ್ಲಿ, ಅಂದರೆ ರೇಡಿಯೇಟರ್ ಮೇಲೆಯೇ ಲೋಹದ ಮುಚ್ಚಳ ಇದ್ದು ಪಕ್ಕದಲ್ಲಿ ಬರೀ ಒಂದು ಓವರ್‌ಫ್ಲೋ ಬಾಟಲಿ ಇರುವಂಥವುಗಳಲ್ಲಿ, ಈ ಟೇಪ್ ಪರೀಕ್ಷೆ ಕೆಲವೊಮ್ಮೆ ಮೋಸ ಮಾಡುತ್ತದೆ. ಎಂಜಿನ್ ತಣ್ಣಗಾಗುವಾಗ ರೇಡಿಯೇಟರ್ ಆ ಬಾಟಲಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳಬೇಕು. ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಕೆಟ್ಟಿದ್ದರೆ ಎಳೆಯುವುದಿಲ್ಲ. ಆಗ ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಒಳಗೆ ಖಾಲಿ. ಹಾಗಾಗಿ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬಾಯಿ ತನಕ ಇದೆಯಾ ಅಂತಲೂ ನೋಡಿ. ಹೊಸ ಮುಚ್ಚಳ ಅಗ್ಗ, ಅನುಮಾನ ಇದ್ದರೆ ಬದಲಿಸಿಬಿಡಿ.

ಏನು ಹಾಕಬೇಕು, ಏನು ಹಾಕಬಾರದು

ಎಂಜಿನ್ ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಸುಮಾರು ಒಂದು ಬಾರ್ ಒತ್ತಡ ಇರುತ್ತದೆ, ತೆಗೆದ ಕ್ಷಣ ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ. ಹೊರಗೆ ಮೈನಸ್ 20 ಇದ್ದರೂ ಎಂಜಿನ್ನಿನ ಬಿಸಿ ಕಡಿಮೆ ಏನಲ್ಲ.

ಬಣ್ಣ ನೋಡಿ ಕೊಳ್ಳಬೇಡಿ. ಟೊಯೊಟಾದ್ದು ಗುಲಾಬಿ, ಹೊಂಡಾದ್ದು ನೀಲಿ, ಜಿಎಂ ಗಾಡಿಗಳ ಡೆಕ್ಸ್‌ಕೂಲ್ ಕಿತ್ತಳೆ ಅಂತ ಒಂದು ರೂಢಿ ಇದೆ ನಿಜ, ಆದರೆ ಬಣ್ಣಕ್ಕೂ ಒಳಗಿನ ರಸಾಯನಕ್ಕೂ ಯಾವ ಕಾನೂನೂ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಸ್ಪೆಸಿಫಿಕೇಶನ್ ಡಬ್ಬಿಯ ಹಿಂದೆ ಬರೆದಿದೆಯಾ ಅಂತ ಓದಿ. ಅಂಗಡಿಯಲ್ಲಿ ನೀರು ಬೆರೆಸದ ಕಾನ್ಸಂಟ್ರೇಟ್ ಮತ್ತು ಅರ್ಧ ನೀರು ಬೆರೆಸಿದ 50/50 ಎರಡೂ ಒಂದೇ ಥರದ ಗ್ಯಾಲನ್ ಡಬ್ಬಿಯಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಟಾಪ್ ಅಪ್‌ಗೆ 50/50 ಸಾಕು. ಕಾನ್ಸಂಟ್ರೇಟ್ ಜಾಸ್ತಿ ಹಾಕಿದಷ್ಟೂ ಚಳಿ ತಡೆಯುತ್ತದೆ ಅನ್ನುವುದು ತಪ್ಪು. ಅರ್ಧಕ್ಕರ್ಧ ಬೆರೆಸಿದ್ದು ಮೈನಸ್ 37ರ ತನಕ ಗಟ್ಟಿಯಾಗುವುದಿಲ್ಲ, ಶೇ. 60 ಹಾಕಿದರೆ ಮೈನಸ್ 50ರ ಆಸುಪಾಸು. ಆದರೆ ಅಪ್ಪಟ ಗ್ಲೈಕಾಲ್ ಮೈನಸ್ 13ರಲ್ಲೇ ಹೆಪ್ಪುಗಟ್ಟುತ್ತದೆ! ಶೇ. 70 ದಾಟಿಸಿದರೆ ಲಾಭ ತಿರುಗಿಬೀಳುತ್ತದೆ.

ಅದೇ ಸಾಲಿನಲ್ಲಿ ನೀಲಿ ಬಣ್ಣದ ವಾಷರ್ ಫ್ಲೂಯಿಡ್ ಕೂಡ ಇರುತ್ತದೆ. ಅದು ಗಾಜು ಒರೆಸಲು, ಮೆಥನಾಲ್ ಇರುವಂಥದ್ದು. ಬಾನೆಟ್ ಕೆಳಗೆ ಎರಡು ಡಬ್ಬಿಗಳೂ ಪಕ್ಕಪಕ್ಕ ಇರುವ ಗಾಡಿಗಳಲ್ಲಿ, ಕತ್ತಲೆ ಬೆಳಗ್ಗೆ, ಗ್ಲವ್ಸ್ ಹಾಕಿಕೊಂಡ ಕೈಯಲ್ಲಿ, ಅದಲು ಬದಲಾಗುವುದು ಸುಲಭ. ಮುಚ್ಚಳದ ಮೇಲಿನ ಚಿತ್ರ ನೋಡಿಯೇ ಸುರಿಯಿರಿ.

ನಲ್ಲಿ ನೀರು ಹಾಕುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಊರಿಂದಲೇ ಬಂದಿರುತ್ತದೆ. ಮಡಿಕೇರಿ ದಾರಿಯಲ್ಲಿ ಬಾಟಲಿ ನೀರು ಸುರಿದು ಮುಂದೆ ಹೋದರೆ ಅಲ್ಲಿ ನಡೆಯುತ್ತದೆ. ಇಲ್ಲಿ ಬೇಸಿಗೆಯಲ್ಲಿ ಎರಡು ಸಲ ಹಾಗೆ ಮಾಡಿದರೆ ಚಳಿಗಾಲಕ್ಕೆ ಮಿಶ್ರಣ ತೆಳ್ಳಗಾಗಿರುತ್ತದೆ. ಮೂರನೇ ಒಂದು ಪಾಲು ಮಾತ್ರ ಗ್ಲೈಕಾಲ್ ಉಳಿದಿದ್ದರೆ ಮೈನಸ್ 18ರ ಹತ್ತಿರವೇ ಹರಳುಗಟ್ಟಲು ಶುರುವಾಗುತ್ತದೆ. ನೀರು ಮಂಜುಗಡ್ಡೆಯಾದಾಗ ಶೇ. 9ರಷ್ಟು ಹಿಗ್ಗುತ್ತದೆ, ರೇಡಿಯೇಟರ್, ಕೆಲವೊಮ್ಮೆ ಎಂಜಿನ್ ಬ್ಲಾಕನ್ನೇ ಸೀಳಬಹುದು. ಟಾಪ್ ಅಪ್ ಮಾಡಿದ ಮೇಲೆ ಎಷ್ಟು ಚಳಿ ತಡೆಯುತ್ತದೆ ಅಂತ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡುವುದು ಒಳ್ಳೆಯದು. ಬಣ್ಣದ ಗುಂಡುಗಳು ತೇಲುವ ಅಗ್ಗದ ಟೆಸ್ಟರ್ ಅಂದಾಜಿಗೆ ಮಾತ್ರ.

ಹಿಮವೇ ಸಾಕ್ಷಿ ಹೇಳುತ್ತದೆ

ಚಳಿಗಾಲದಲ್ಲಿ ಲೀಕ್ ಹುಡುಕಲು ಒಂದು ಅನುಕೂಲ ಇದೆ, ನೆಲ ಬೆಳ್ಳಗಿರುತ್ತದೆ. ಗಾಡಿ ತೆಗೆದ ಮೇಲೆ ಇಳಿದು ಆ ಜಾಗ ನೋಡಿ. ಹಿಮದಲ್ಲಿ ಗುಲಾಬಿ, ಹಸಿರು ಅಥವಾ ಕಿತ್ತಳೆ ಬಣ್ಣದ ಸಣ್ಣ ಗುಳಿ ಬಿದ್ದಿದ್ದರೆ ಅದು ಕೂಲಂಟ್. ಸುತ್ತ ಹಿಮ ಕರಗಿ ಒಂದು ತೂತಿನಂತೆ ಆಗಿರುತ್ತದೆ, ಬೆರಳಲ್ಲಿ ಮುಟ್ಟಿದರೆ ಜಿಗುಟು. ಮುಂದಿನ ಚಕ್ರದ ಪಕ್ಕ ನೀಲಿ ಕಲೆ ಇದ್ದರೆ ಅದು ವಾಷರ್ ಫ್ಲೂಯಿಡ್ ಆಗಿರಬಹುದು, ನಿಮ್ಮ ಕೂಲಂಟೂ ನೀಲಿಯಾದರೆ ಜಿಗುಟಿನಿಂದಲೇ ಗುರುತಿಸಬೇಕು. ಸೈಲೆನ್ಸರ್ ಕೆಳಗೆ ಬಿದ್ದ ನೀರು ಬರೀ ನೀರು, ಬಿಟ್ಟುಬಿಡಿ. ಕೂಲಂಟ್ ಸಿಹಿ ಇರುತ್ತದೆ, ವಿಷ ಕೂಡ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಅಂಥ ಹಿಮವನ್ನು ಸಲಿಕೆಯಲ್ಲಿ ಎತ್ತಿಬಿಡಿ.

ಚಳಿಯಲ್ಲಿ ಮಾತ್ರ ಸೋರುವ ಲೀಕುಗಳೂ ಇವೆ, ಇವೇ ಜನರನ್ನು ಹೆಚ್ಚು ಸತಾಯಿಸುವುದು. ರಬ್ಬರ್ ಹೋಸು ಚಳಿಗೆ ಗಟ್ಟಿಯಾಗಿ ಕುಗ್ಗುತ್ತದೆ, ಕ್ಲಾಂಪ್ ಇರುವ ಕಡೆ ಕೂದಲೆಳೆಯಷ್ಟು ಜಾಗ ಬಿಡುತ್ತದೆ. ಸ್ಟಾರ್ಟ್ ಮಾಡಿ ಐದು ನಿಮಿಷ ಹನಿ ಹನಿ. ಬಿಸಿಯಾದ ಮೇಲೆ ರಬ್ಬರ್ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ವರ್ಕ್‌ಶಾಪಿಗೆ ಹೋಗುವಷ್ಟರಲ್ಲಿ ಎಲ್ಲ ಒಣಗಿರುತ್ತದೆ, ಲೀಕ್ ಇಲ್ಲ ಅಂತ ಹೇಳಿ ಕಳಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬರ ಗಾಡಿಯಲ್ಲಿ ಇದೇ ಆಗಿತ್ತು. ಥರ್ಮೋಸ್ಟಾಟ್ ಹೌಸಿಂಗ್‌ಗೆ ಹೋಸು ಸೇರುವ ಕಡೆ, ಕೆಳಭಾಗದಲ್ಲಿ, ಕಾಣದ ಜಾಗದಲ್ಲಿ, ಒಣಗಿದ ಗುಲಾಬಿ ಪುಡಿ ಉಗುರಗಲ ಕಟ್ಟಿಕೊಂಡಿತ್ತು. ಫೋನಿನ ಕ್ಯಾಮೆರಾ ಕೆಳಗಿಳಿಸಿ ವಿಡಿಯೊ ಮಾಡಿದಾಗಲೇ ಕಂಡದ್ದು. ಹಿಂದೆ ಯಾವುದೋ ರಿಪೇರಿಯಲ್ಲಿ ಕಂಪನಿಯ ಸ್ಪ್ರಿಂಗ್ ಕ್ಲಾಂಪ್ ತೆಗೆದು ಸ್ಕ್ರೂ ಕ್ಲಾಂಪ್ ಹಾಕಿದ್ದರು. ಸ್ಪ್ರಿಂಗ್ ಆದರೆ ರಬ್ಬರ್ ಕುಗ್ಗಿದಂತೆ ತಾನೂ ಬಿಗಿಯಾಗುತ್ತದೆ, ಸ್ಕ್ರೂ ಬಿಗಿ ಮಾಡಿದಲ್ಲೇ ನಿಂತಿರುತ್ತದೆ. ಮತ್ತೆ ಸ್ಪ್ರಿಂಗ್ ಕ್ಲಾಂಪ್ ಹಾಕಿದ ಮೇಲೆ ಸೋರುವುದು ನಿಂತಿತು. ಸ್ಕ್ರೂ ಕ್ಲಾಂಪ್ ಇದ್ದವರು ಸ್ವಲ್ಪ ತಿರುಗಿಸಿ ನೋಡಬಹುದು, ಆದರೆ ಒಳಗಿನ ಪೈಪು ಪ್ಲಾಸ್ಟಿಕ್ ಆಗಿದ್ದರೆ ಚಳಿಯಲ್ಲಿ ಜೋರು ಮಾಡಬೇಡಿ, ಪಟ್ ಅಂತ ಬಿರುಕು ಬಿಡುತ್ತದೆ.

ಹೋಸುಗಳಲ್ಲಿ ಏನೂ ಸಿಗದಿದ್ದರೆ ವಾಟರ್ ಪಂಪಿನ ಕೆಳಗೆ ನೋಡಿ, ಅಲ್ಲೊಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಸವೆದರೆ ಅಲ್ಲಿಂದ ಕಲೆ ಇಳಿದಿರುತ್ತದೆ. ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೆ ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚು ಕೂಡ ಹಳೆ ಗಾಡಿಗಳಲ್ಲಿ ಸೋರುವ ಜಾಗ. ಬ್ಲಾಕ್ ಹೀಟರ್ ಹಾಕಿಸಿದವರು ಅದು ಕೂರುವ ಜಾಗವನ್ನು ಮರೆಯಬೇಡಿ.

ಹೀಟರ್ ಕೇಳಿ ನೋಡಿ

ಕ್ಯಾಬಿನ್ ಹೀಟರ್ ಬಿಸಿ ಬರುವುದು ಇದೇ ಕೂಲಂಟಿನಿಂದ. ಸಿಗ್ನಲ್ಲಿನಲ್ಲಿ ನಿಂತಾಗ ತಣ್ಣನೆ ಗಾಳಿ, ಹೊರಟು ಆಕ್ಸಿಲರೇಟರ್ ಒತ್ತಿದರೆ ಬಿಸಿ ಗಾಳಿ, ಮತ್ತೆ ನಿಂತರೆ ತಣ್ಣಗೆ. ಹೀಗಾಗುತ್ತಿದ್ದರೆ ಕೂಲಂಟ್ ನಿಜವಾಗಿಯೂ ಕಡಿಮೆ ಇದೆ ಅಥವಾ ಪೈಪಿನಲ್ಲಿ ಗಾಳಿ ಸೇರಿದೆ. ಇದು ಡ್ಯಾಶ್‌ಬೋರ್ಡ್ ಲೈಟಿಗಿಂತ ನಂಬಿಕಸ್ಥ ಸೂಚನೆ ಅಂತ ನನ್ನ ಅಭಿಪ್ರಾಯ. ಟೆಂಪರೇಚರ್ ಮುಳ್ಳು ಸರಿ ತೋರಿಸುತ್ತಿದೆಯಲ್ಲ ಅನ್ನಬೇಡಿ, ಕೂಲಂಟ್ ತೀರಾ ಇಳಿದು ಆ ಸೆನ್ಸರ್ ಗಾಳಿಯಲ್ಲಿ ನಿಂತರೆ ಮುಳ್ಳು ಸುಳ್ಳು ಹೇಳುತ್ತದೆ.

ಗಾಜಿನ ಒಳಗೆ ಒರೆಸಿದರೂ ಹೋಗದ ಎಣ್ಣೆಯಂಥ ಮಬ್ಬು, ಸಿಹಿ ವಾಸನೆ, ಪಕ್ಕದ ಸೀಟಿನ ಮುಂದೆ ಕಾರ್ಪೆಟ್ ಒದ್ದೆ. ಇದು ಹೀಟರ್ ಕೋರ್ (ಕ್ಯಾಬಿನ್ ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಸೋರುವ ಲಕ್ಷಣ. ಬೂಟಿಗೆ ಅಂಟಿ ಬಂದ ಹಿಮ ಕರಗಿದರೂ ಕಾರ್ಪೆಟ್ ಒದ್ದೆಯಾಗುತ್ತದೆ, ಹಾಗಾಗಿ ಬಿಳಿ ಟಿಶ್ಯೂ ಒತ್ತಿ ಬಣ್ಣ ನೋಡಿ.

ಲೀಕ್ ನಿಲ್ಲಿಸುವ ಪುಡಿ, ದ್ರಾವಣ ಅಂತ ಮಾರುತ್ತಾರೆ. ಬೇಡ. ಹೀಟರ್ ಕೋರಿನ ಸಣ್ಣ ನಾಳಗಳೇ ಮೊದಲು ಕಟ್ಟಿಕೊಳ್ಳುವುದು. ಜನವರಿಯಲ್ಲಿ ಹೀಟರ್ ಇಲ್ಲದ ಗಾಡಿ ಇಟ್ಟುಕೊಂಡು ಏನು ಮಾಡುತ್ತೀರಿ?

ಹೊರಗೆ ಎಲ್ಲೂ ಇಲ್ಲ, ಮಟ್ಟ ಇಳಿಯುತ್ತಿದೆ

ಆಗ ಒಳಗೆ ಸುಡುತ್ತಿರಬಹುದು. ಹೆಡ್ ಗ್ಯಾಸ್ಕೆಟ್, ಡೀಸೆಲ್ ಆದರೆ ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಇಜಿಆರ್ ಕೂಲರ್ ಕೂಡ. ಇಲ್ಲಿ ಚಳಿ ನಮ್ಮನ್ನು ಎರಡು ಕಡೆ ದಾರಿ ತಪ್ಪಿಸುತ್ತದೆ. ಮೊದಲನೆಯದು ಬಿಳಿ ಹೊಗೆ. ಮೈನಸ್ 20ರಲ್ಲಿ ಎಲ್ಲ ಗಾಡಿಯೂ ಬಿಳಿ ಹಬೆ ಬಿಡುತ್ತದೆ. ಪಕ್ಕದ ಗಾಡಿಗಳ ಹಬೆ ಬೇಗ ಕರಗಿ, ಎಂಜಿನ್ ಪೂರ್ತಿ ಕಾದ ಮೇಲೂ ನಿಮ್ಮದು ಮಾತ್ರ ದಟ್ಟವಾಗಿ ಎಳೆದಂತೆ ನಿಂತರೆ, ಸಿಹಿ ವಾಸನೆ ಇದ್ದರೆ, ಅನುಮಾನ ಪಡಿ. ಎರಡನೆಯದು ಆಯಿಲ್ ಮುಚ್ಚಳದ ಕೆಳಗಿನ ಕೆನೆ. ದಿನಾ ಎರಡು ಮೈಲಿ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಒಳಗಿನ ತೇವಕ್ಕೇ ಕಂದು ಬಿಳಿ ಕೆನೆ ಕಟ್ಟುತ್ತದೆ. ಹೈವೇಯಲ್ಲಿ ಚೆನ್ನಾಗಿ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲಿನಂತಾಗಿದ್ದರೆ ಆಗ ಮಾತು ಬೇರೆ, ಓಡಿಸಬೇಡಿ.

ಪೆಟ್ರೋಲ್ ಗಾಡಿಗೆ ಬ್ಲಾಕ್ ಟೆಸ್ಟ್ ಅಂತ ಇದೆ. ಕೂಲಂಟ್ ಬಾಯಿಯ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಸುಟ್ಟ ಅನಿಲ ಇದ್ದರೆ ಅದು ಹಳದಿಯಾಗುತ್ತದೆ. ಆಟೋಜೋನ್, ಓರೈಲಿಯಂಥ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟು ಇಂಥ ಸಲಕರಣೆ ಎರವಲು ತರಬಹುದು, ಪ್ರೆಷರ್ ಟೆಸ್ಟರ್ ಕೂಡ.

ಮಟ್ಟ ಸರಿ ಇದೆ, ಲೈಟ್ ಮಾತ್ರ ಹೋಗುತ್ತಿಲ್ಲ

ಸೆನ್ಸರ್ ಅಥವಾ ಅದರ ಪ್ಲಗ್. ಕೆಲವದರಲ್ಲಿ ಒಳಗೆ ಒಂದು ತೇಲುವ ಬಿಲ್ಲೆ ಇರುತ್ತದೆ, ಅದು ಕೊಳೆಗೆ ಸಿಕ್ಕಿಕೊಳ್ಳುತ್ತದೆ. ಕೆಲವದರಲ್ಲಿ ಎರಡು ಲೋಹದ ಕಡ್ಡಿ, ಅವುಗಳ ಮೇಲೆ ಪೊರೆ ಕಟ್ಟುತ್ತದೆ. ಡಬ್ಬಿಯನ್ನು ಮೆಲ್ಲಗೆ ತಟ್ಟಿ ನೋಡಿ. ಪ್ಲಗ್ ಬಿಚ್ಚಿ ಒಳಗೆ ಹಸಿರು ಅಥವಾ ಬಿಳಿ ಪುಡಿ ಇದೆಯಾ ನೋಡಿ, ರಸ್ತೆಗೆ ಸುರಿಯುವ ಉಪ್ಪು ಎಲ್ಲ ಕಡೆ ಸೇರುತ್ತದೆ. ಆದರೆ ಟೇಪ್ ಪರೀಕ್ಷೆ ಮಾಡದೆ ಸೆನ್ಸರ್ ಮೇಲೆ ತಪ್ಪು ಹೊರಿಸಬೇಡಿ.

ಕೆಂಪು ಲೈಟ್ ಬಂದರೆ

ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಟೋ ಕರೆಯಿರಿ. ನಿಲ್ಲಿಸಲು ಜಾಗ ಸಿಗುವ ತನಕ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿದರೆ ಸ್ವಲ್ಪ ಬಿಸಿ ಹೊರಗೆ ಹೋಗುತ್ತದೆ. ಮೈನಸ್ 25ರಲ್ಲಿ ಎಂಜಿನ್ ಹೇಗೆ ಕಾಯುತ್ತದೆ ಅಂತ ಕೇಳುವವರಿಗೆ: ತೆಳ್ಳಗಾದ ಕೂಲಂಟ್ ರೇಡಿಯೇಟರಿನಲ್ಲಿ ಸ್ಲಶ್ ಆಗಿ ಕಟ್ಟಿಕೊಂಡರೆ ಹರಿಯುವುದೇ ಇಲ್ಲ, ಎದುರುಗಾಳಿ ಹೊಡೆಯುವ ಮುಂಭಾಗ ಹೆಪ್ಪು, ಹಿಂದೆ ಎಂಜಿನ್ ಕುದಿ. ಅಂಥ ಗಾಡಿಯನ್ನು ಬಿಸಿ ಗರಾಜಿಗೆ ಎಳೆಸಿ, ಪೂರ್ತಿ ಕರಗಿದ ಮೇಲೆಯೇ ಮುಂದಿನ ಮಾತು. ನಿಂತ ಗಾಡಿಯಲ್ಲಿ ಹೀಟರ್ ಇರುವುದಿಲ್ಲ, ಡಿಕ್ಕಿಯಲ್ಲಿ ಒಂದು ಕಂಬಳಿ ಇಟ್ಟಿರಿ.

ಮೆಕ್ಯಾನಿಕ್ ಹತ್ತಿರ ಹೋಗುವುದಾದರೆ ಬೆಳಗ್ಗೆ ಬಿಸಿ ಗಾಡಿ ಕೊಟ್ಟು ಮಧ್ಯಾಹ್ನ ವಾಪಸ್ ತರಬೇಡಿ. ಹಿಂದಿನ ಸಂಜೆಯೇ ಬಿಟ್ಟು, ರಾತ್ರಿ ಹೊರಗೇ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಒಳಗೆ ತಂದು ಬೆಚ್ಚಗಾಗುವ ಮೊದಲೇ ಪ್ರೆಷರ್ ಟೆಸ್ಟ್ ಮಾಡಿ ಅಂತ ಹೇಳಿ. ಮುಚ್ಚಳದ ಮೇಲೆ ಬರೆದಷ್ಟು ಒತ್ತಡಕ್ಕೆ ಕೈಪಂಪಿನಲ್ಲಿ ಏರಿಸಿ ಕಾಲು ಗಂಟೆ ಬಿಟ್ಟು ನೋಡಿದರೆ ಮುಳ್ಳು ಇಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಟೇಪಿನ ಫೋಟೊಗಳನ್ನೂ ತೋರಿಸಿ, ತಾರೀಖು ಮತ್ತು ಉಷ್ಣತೆ ಸಮೇತ. ಲೀಕ್ ಇಲ್ಲ ಅಂತ ಹೇಳಿ ಕಳಿಸುವುದು ಆಗ ಅವರಿಗೆ ಸ್ವಲ್ಪ ಕಷ್ಟವಾಗುತ್ತದೆ.